ಎಂಡಿಎಂ ಸರ್ವರ್‌ಗಳ ಮುಂದೆ ಎಚ್ಎಪ್ರಾಕ್ಸಿ: ವರ್ಷಗಳ ಬಳಕೆಯ ನಂತರ

ಎಂಡಿಎಂ ಅಂದರೆ ಕಂಪನಿಯ ಸಾಧನಗಳನ್ನು ದೂರದಿಂದಲೇ ನೋಡಿಕೊಳ್ಳುವ ವ್ಯವಸ್ಥೆ. ನಮ್ಮ ಕಂಪನಿಯ ಐಪ್ಯಾಡ್, ಐಫೋನ್‌ಗಳ ಉಸ್ತುವಾರಿ ನ್ಯಾನೋಎಂಡಿಎಂ ಎಂಬ ಸಾಫ್ಟ್‌ವೇರ್‌ನದ್ದು. ಮೂರು ಸರ್ವರ್, ಹಿಂದೆ ಒಂದೇ ಮೈಎಸ್‌ಕ್ಯೂಎಲ್ ಡೇಟಾಬೇಸ್, ಎಲ್ಲದರ ಮುಂದೆ ಎಚ್ಎಪ್ರಾಕ್ಸಿ. 2001ರಲ್ಲಿ ವಿಲಿ ಟಾರೋ ಹೊರತಂದ ಈ ಲೋಡ್ ಬ್ಯಾಲೆನ್ಸರ್ (ಬರುವ ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಲೋಡ್ ಹಂಚಲಿ ಅಂತ ತಂದದ್ದು. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದರ ಕ್ಯೂ.

ಆಪಲ್ ಎಂಡಿಎಂನಲ್ಲಿ ಸರ್ವರ್ ತಾನಾಗಿ ಐಪ್ಯಾಡ್ ಹತ್ತಿರ ಹೋಗುವುದಿಲ್ಲ. ಆಪಲ್‌ನ ಪುಶ್ ಸೇವೆಗೆ ಹೇಳುತ್ತದೆ. ಅದು ಐಪ್ಯಾಡನ್ನು ಎಬ್ಬಿಸುತ್ತದೆ. ಎದ್ದ ಐಪ್ಯಾಡ್ ಸರ್ವರ್‌ಗೆ ಬಂದು ‘ಏನು ಕೆಲಸ?’ ಅಂತ ಕೇಳುತ್ತದೆ. ಎಲ್ಲರಿಗೂ ಒಂದೇ ಸಲ ಹೊಸ ವೈಫೈ ಪ್ರೊಫೈಲ್ ಕಳಿಸಿ ನೋಡಿ. ಮದುವೆ ಊಟದ ಮೊದಲ ಪಂಕ್ತಿಗೆ ನುಗ್ಗಿದ ಹಾಗೆ ಎಲ್ಲವೂ ಒಟ್ಟಿಗೆ ಬರುತ್ತವೆ. ಸರ್ವರ್ ಎಷ್ಟೇ ಇದ್ದರೂ ಕೊನೆಗೆ ಪೆಟ್ಟು ಬೀಳುವುದು ಡೇಟಾಬೇಸ್‌ಗೆ. ಪ್ರತಿ ಸರ್ವರ್‌ಗೂ ‘ಮ್ಯಾಕ್ಸ್‌ಕಾನ್’ ಮಿತಿ (ಒಂದೇ ಹೊತ್ತಿಗೆ ಎಷ್ಟು ಸಂಪರ್ಕ ಅಂತ) ಹಾಕಿದರೆ, ಮಿಕ್ಕ ರಿಕ್ವೆಸ್ಟ್‌ಗಳನ್ನು ಎಚ್ಎಪ್ರಾಕ್ಸಿ ತನ್ನ ಹತ್ತಿರವೇ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಐಪ್ಯಾಡ್ ಕೆಲವು ಸೆಕೆಂಡ್ ಕಾದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಟೈಮ್‌ಔಟ್ ಕ್ಯೂ’ (ಸಾಲಲ್ಲಿ ಕಾಯುವ ಸಮಯದ ಮಿತಿ) ಮಾತ್ರ ಸ್ವಲ್ಪ ಧಾರಾಳವಾಗಿ ಇಡಿ, ಇಲ್ಲದಿದ್ದರೆ ಕಾಯುತ್ತಿದ್ದವಕ್ಕೆ 503 (‘ಸೇವೆ ಸದ್ಯ ಲಭ್ಯವಿಲ್ಲ’) ಎಂಬ ದೋಷ ಸಿಗುತ್ತದೆ.

ಹಂಚಲು ನಾವು ಬಳಸುವುದು, ಅತಿ ಕಡಿಮೆ ಸಂಪರ್ಕ ಇರುವ ಸರ್ವರ್‌ಗೆ ಕಳಿಸುವ ‘ಲೀಸ್ಟ್‌ಕಾನ್’. ಸಾಧನದ ಐಪಿ ನೋಡಿ ಸರ್ವರ್ ಆರಿಸುವ ‘ಸೋರ್ಸ್’ ವಿಧಾನ ಇಲ್ಲಿ ಬೇಡವೇ ಬೇಡ. ಆಫೀಸಿನ ಸಾಧನಗಳೆಲ್ಲ ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಬರುತ್ತವೆ ಅಲ್ವಾ, ಅಷ್ಟೂ ಒಂದೇ ಸರ್ವರ್ ಮೇಲೆ ಕೂರುತ್ತವೆ. ನ್ಯಾನೋಎಂಡಿಎಂನ ಮಾಹಿತಿಯೆಲ್ಲ ಡೇಟಾಬೇಸ್‌ನಲ್ಲೇ ಇರುವುದರಿಂದ ಯಾವ ಸಾಧನ ಯಾವ ಸರ್ವರ್‌ಗೆ ಹೋದರೂ ತೊಂದರೆಯಿಲ್ಲ.

ಹೆಲ್ತ್ ಚೆಕ್, ಅಂದರೆ ಸರ್ವರ್ ಸರಿಯಿದೆಯಾ ಅಂತ ನೋಡುವುದರ ಬಗ್ಗೆ ಒಂದು ಮಾತು. ಸುಮ್ನೆ ‘ಚೆಕ್’ ಅಂತ ಬರೆದರೆ 2 ಸೆಕೆಂಡಿಗೊಮ್ಮೆ ಪೋರ್ಟ್ ತೆರೆದಿದೆಯಾ ಅಂತ ನೋಡುತ್ತದೆ, ಅಷ್ಟೇ. ಸರ್ವರ್ ಎದ್ದಿದ್ದು ಡೇಟಾಬೇಸ್ ಸಂಪರ್ಕ ಮಾತ್ರ ಕಡಿದಿದ್ದರೆ ಇದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಡೇಟಾಬೇಸ್‌ಗೊಂದು ಪ್ರಶ್ನೆ ಕೇಳಿ ಉತ್ತರಿಸುವ ಪುಟ್ಟ ಸ್ಕ್ರಿಪ್ಟ್ ಇಟ್ಟು, ‘ಎಚ್‌ಟಿಟಿಪಿ‌ಚೆಕ್’ ಅದನ್ನೇ ಕೇಳುವಂತೆ ಮಾಡಿದ್ದೇವೆ.

ಸರ್ಟಿಫಿಕೇಟ್ ವಿಷಯದಲ್ಲಿ ತುಂಬ ಹುಷಾರಾಗಿರಬೇಕು. ಸಾಧನ ತಾನ್ಯಾರು ಅಂತ ತೋರಿಸುವುದು ತನ್ನ ಸರ್ಟಿಫಿಕೇಟ್‌ನಿಂದ. ಟಿಎಲ್‌ಎಸ್ (ಗುಪ್ತ ಸಂಪರ್ಕ) ಎಚ್ಎಪ್ರಾಕ್ಸಿಯಲ್ಲೇ ಮುಗಿದರೆ ಆ ಸರ್ಟಿಫಿಕೇಟನ್ನು ಹೆಡರ್‌ನಲ್ಲಿ (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯ ಸಾಲು) ಹಿಂದಿನ ಸರ್ವರ್‌ಗೆ ದಾಟಿಸಬೇಕು. ಹೊರಗಿನಿಂದ ಅದೇ ಹೆಸರಿನ ಹೆಡರ್ ಬಂದರೆ ಮೊದಲು ಅಳಿಸಿ, ಆಮೇಲೆ ನಿಮ್ಮದನ್ನು ಸೇರಿಸಿ. ಇಲ್ಲದಿದ್ದರೆ ಯಾರು ಬೇಕಾದರೂ ಇನ್ನೊಂದು ಸಾಧನದ ವೇಷದಲ್ಲಿ ಒಳಗೆ ಬರಬಹುದು. ಸಾಧನವನ್ನು ಎಂಡಿಎಂಗೆ ಸೇರಿಸುವ ಎನ್‌ರೋಲ್ ಪ್ರೊಫೈಲ್‌ನಲ್ಲಿ ‘ಸೈನ್‌ಮೆಸೇಜ್’ ಆನ್ ಮಾಡುವುದು ಇನ್ನೊಂದು ದಾರಿ. ಆಗ ಸಾಧನ ಪ್ರತಿ ಸಂದೇಶಕ್ಕೂ ಸಹಿ ಹಾಕುತ್ತದೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಇದನ್ನೇ.

ಪ್ಯಾಚ್ ಹಾಕುವ ದಿನ ಒಂದು ಸರ್ವರನ್ನು ‘ಡ್ರೇನ್’ ಮಾಡಿದರೆ ಇದ್ದ ಕೆಲಸ ಮುಗಿಯುತ್ತದೆ, ಹೊಸದು ಬರುವುದಿಲ್ಲ. ಹಗಲಲ್ಲೇ ಅಪ್‌ಡೇಟ್ ಮುಗಿಸುತ್ತೇವೆ, ಇದೊಂದು ದೊಡ್ಡ ನೆಮ್ಮದಿ.

ಕೊರತೆಗಳೂ ಇವೆ. ಎಲ್ಲವನ್ನೂ ಕಾನ್ಫಿಗ್ ಫೈಲ್‌ನಲ್ಲೇ ಬರೆಯಬೇಕು, ಕೈಪಿಡಿ ತುಂಬಾ ಉದ್ದ, ಕಲಿಯಲು ತಾಳ್ಮೆ ಬೇಕು. ಎಚ್ಎಪ್ರಾಕ್ಸಿಯೇ ಬಿದ್ದರೆ ಎಲ್ಲವೂ ನಿಲ್ಲುತ್ತದೆ, ಹಾಗಾಗಿ ಒಂದು ಬಿದ್ದರೆ ಇನ್ನೊಂದಕ್ಕೆ ಕೆಲಸ ದಾಟಿಸುವ ಕೀಪ್‌ಅಲೈವ್‌ಡಿ ಜೊತೆ ಎರಡು ಯಂತ್ರ ಇಡಲೇಬೇಕು. ಡೇಟಾಬೇಸ್‌ನ ರಕ್ಷಣೆಯನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಎಂಡಿಎಂ ಅನ್ನು ಸ್ವಂತ ಸರ್ವರ್‌ಗಳಲ್ಲಿ ನಡೆಸುವವರು ಧೈರ್ಯವಾಗಿ ಬಳಸಿ. ಕ್ಲೌಡ್ ಸೇವೆ ಕೊಂಡವರಿಗೆ ಇದರ ಅಗತ್ಯವಿಲ್ಲ, ಈ ಕೆಲಸವನ್ನು ಸೇವೆ ಕೊಡುವವರೇ ನೋಡಿಕೊಳ್ಳುತ್ತಾರೆ.