ಬೈಕಿನ ಕರಿ ಡಬ್ಬಿ ಕೀಳಿಸಬೇಡಿ, ನಾನು ಕೀಳಿಸಿ ಕೆಟ್ಟೆ

ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ, ಆಫೀಸಿನಲ್ಲಿ ಯಾರು ಗಾಡಿ ತಗೊಂಡರೂ ನನ್ನನ್ನೇ ಕೇಳುತ್ತಾರೆ. ಅಂಥವನು ಮೂರು ನಿಮಿಷದ ಮಾತಿಗೆ ಮರುಳಾದೆ.

ನನ್ನದು 2017ರ ಗಾಡಿ. 350 ಸಿಸಿ, ಬಿಎಸ್4 (ಸರ್ಕಾರದ ಹೊಗೆ ನಿಯಮದ ನಾಲ್ಕನೇ ಹಂತ), ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋಕೆ ಕಾರ್ಬ್ಯುರೇಟರ್. ಬಿಎಸ್4 ಬಂದಾಗ ಸೈಲೆನ್ಸರ್ ಹೊಗೆ ಜೊತೆಗೆ ಟ್ಯಾಂಕಿನಿಂದ ಹಾರಿಹೋಗುವ ಪೆಟ್ರೋಲ್ ಆವಿಗೂ ಮಿತಿ ಬಂತು. ಅದಕ್ಕೇ ಕ್ಯಾನಿಸ್ಟರ್ ಅನ್ನುವ ಕರಿ ಡಬ್ಬಿ. ಒಳಗಿರುವುದು ಇದ್ದಿಲು. ಗಾಡಿ ನಿಂತಾಗ ಆವಿ ಹಿಡಿದಿಟ್ಟುಕೊಳ್ಳುತ್ತದೆ, ಗಾಡಿ ಓಡುವಾಗ ಇಂಜಿನ್ ಆ ಆವಿಯನ್ನೇ ಎಳೆದುಕೊಂಡು ಸುಡುತ್ತದೆ. ಇದೆಲ್ಲ ಈಗ ಗೊತ್ತು. ಆಗ ಅದು ಸುಮ್ನೆ ನೇತಾಡುವ ಡಬ್ಬಿ ಅಷ್ಟೇ.

ಕೆಳಗಡೆ ಪಾರ್ಕಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಅಂತ ಮನೆ ಓನರ್ ಆಂಟಿ ಎರಡು ಸಲ ಹೇಳಿದರು. ಸರ್ವಿಸ್‌ಗೆ ಬಿಟ್ಟಾಗ ಗ್ಯಾರೇಜಿನವನಿಗೆ ಹೇಳಿದೆ. ಬಗ್ಗಿ ಕೂಡ ನೋಡಲಿಲ್ಲ. "ಅಣ್ಣ, ಅದು ಸರ್ಕಾರದವ್ರ ಕಾಟಕ್ಕೆ ಕಂಪನಿಯವ್ರು ಹಾಕಿರೋದು. ಕಿತ್ ಬಿಸಾಕೋಣ. ವಾಸ್ನೆನೂ ಹೋಗುತ್ತೆ, ಮೈಲೇಜೂ ಬರುತ್ತೆ. ಎಮಿಷನ್ ಟೆಸ್ಟಲ್ಲೂ ಗೊತ್ತಾಗಲ್ಲ." ಕೊನೆಯದು ಮಾತ್ರ ನಿಜ. ಅವರು ಸೈಲೆನ್ಸರ್‌ಗೆ ಪೈಪ್ ಇಟ್ಟು ನೋಡುತ್ತಾರೆ, ಡಬ್ಬಿ ಇದೆಯಾ ಇಲ್ಲವಾ ಅಂತ ಯಾರು ನೋಡುತ್ತಾರೆ? 1,200 ರೂಪಾಯಿ ಕೊಟ್ಟೆ. ಬಿಲ್ ಇಲ್ಲ. ಇಂಥ ಗ್ಯಾರೇಜಲ್ಲಿ ಬಿಲ್ ಯಾರು ಕೇಳುತ್ತಾರೆ ಅಲ್ವಾ.

ವಾಸನೆ ನಿಜವಾಗಲೂ ಹೋಯಿತು! ಖುಷಿಯಲ್ಲಿ ಹುಡುಗನಿಗೆ ಟೀಗೆ ಅಂತ ನೂರು ರೂಪಾಯಿ ಜಾಸ್ತಿ ಕೊಟ್ಟೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಮೇಲೆ ಶುರು. ಥ್ರಾಟಲ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ತಾನಾಗೇ ರೇಸ್ ಆಗುವುದು. ಫೋನ್ ಮಾಡಿದರೆ "ಹೊಸ ಸೆಟ್ಟಿಂಗ್ ಅಣ್ಣ, ಓಡ್ಸಿ, ಸೆಟ್ ಆಗುತ್ತೆ." ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನು ಬಂಕಿಗೆ ತಂದು ಮುಚ್ಚಳ ತೆಗೆದೆ, ಬುಸ್ ಅಂತ ಆವಿ ನುಗ್ಗಿ ಪೆಟ್ರೋಲ್ ಶರ್ಟ್ ಮೇಲೆಲ್ಲ ಹಾರಿತು. ಬಂಕ್ ಹುಡುಗ ಹಿಂದಕ್ಕೆ ಜಿಗಿದ. ಅದಕ್ಕೂ ಉತ್ತರ ರೆಡಿ: "ಬಿಸ್ಲು ಜಾಸ್ತಿ ಅಲ್ವಾ ಅಣ್ಣ, ಎಲ್ಲಾ ಗಾಡಿಗೂ ಹಂಗೇ."

ನಾನು ನಂಬಿದೆ. ಆಗಲೂ ನಂಬಿದೆ.

ಹಾಸನದಲ್ಲಿ ತಂಗಿ ಮನೆ ಗೃಹಪ್ರವೇಶ. ಬೆಳಗ್ಗೆ ಐದಕ್ಕೆ ಹೆಂಡತಿ ಜೊತೆ ಹೊರಟೆ, ನೆಲಮಂಗಲದಲ್ಲಿ ಫುಲ್ ಟ್ಯಾಂಕ್. ಸೋಲೂರು ದಾಟುತ್ತಿದ್ದ ಹಾಗೆ ಗಾಡಿ ಉಸಿರು ಬಿಟ್ಟಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್. ಮುಂದೆ ಹೋಗಿ ಮತ್ತೆ ಆಫ್. ಪಕ್ಕದಲ್ಲಿ ಲಾರಿಗಳು ಗಾಳಿ ಹೊಡೆದುಕೊಂಡು ಹೋಗುತ್ತಿವೆ, ರೇಷ್ಮೆ ಸೀರೆ ಉಟ್ಟ ಹೆಂಡತಿ ರಸ್ತೆ ಬದಿಯಲ್ಲಿ ನಿಂತಿದ್ದಾಳೆ, ನಾನು ಪ್ಲಗ್ ಬಿಚ್ಚಿ ಒರೆಸುತ್ತಿದ್ದೇನೆ. ಅವನಿಗೆ ಫೋನ್. "ಪೆಟ್ರೋಲ್ ಕಲಬೆರಕೆ ಅಣ್ಣ. ಯಾವ ಬಂಕಲ್ಲಿ ಹಾಕ್ಸಿದ್ರಿ?" ಮೂರನೇ ಸಲ ನಿಂತಾಗ ಪೆಟ್ರೋಲ್ ಬಣ್ಣ ನೋಡೋಣ ಅಂತ ಟ್ಯಾಂಕ್ ಮುಚ್ಚಳ ತೆಗೆದೆ. ಸುಯ್ಯ್ ಅಂತ ಗಾಳಿ ಒಳಗೆ ಹೋಯಿತು. ಒಳಗೆ! ಒಂದೇ ಕಿಕ್, ಸ್ಟಾರ್ಟ್.

ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕುಣಿಗಲ್ ಮುಟ್ಟಿದೆ. ಅಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ಕೆಳಗೆ ಕೈ ಹಾಕಿ ಒಂದು ರಬ್ಬರ್ ಪೈಪ್ ಎಳೆದರು. ತುದಿಗೆ ಬೋಲ್ಟ್ ಹೊಡೆದಿತ್ತು. "ಏನ್ ಸ್ವಾಮಿ, ಮೂಗಿಗೆ ಬೆಣೆ ಹೊಡ್ಸಿದೀರ?" ಅಂದರು. ಹೆಂಡತಿ ನಕ್ಕಳು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ವಿಷಯ ಏನೆಂದರೆ, ನನ್ನ ಗಾಡಿ ಮುಚ್ಚಳದಲ್ಲಿ ಗಾಳಿ ತೂತು ಇಲ್ಲ. ಟ್ಯಾಂಕ್ ಉಸಿರಾಡುವುದು ಮೊದಲು ಡಬ್ಬಿಗೆ ಹೋಗುತ್ತಿದ್ದ ಆ ಪೈಪಿನಲ್ಲೇ. ಬೋಲ್ಟ್ ಹೊಡೆದ ಮೇಲೆ ವಾಸನೆ ಹೊರಗೆ ಹೇಗೆ ಬರುತ್ತದೆ? ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಇಳಿಯುವುದೇ ನಿಂತಿತ್ತು. ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿಸುವವನಿಗೆ ಇದು ಗೊತ್ತಾಗಲೇ ಇಲ್ಲ. ಡಬ್ಬಿಯಿಂದ ಇನ್ನೊಂದು ಪೈಪ್ ಬರುವ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ-ಪೆಟ್ರೋಲ್ ಹೋಗುವ ಕೊಳವೆ) ತೂತಿಗೆ ಗ್ಯಾರೇಜಿನವನು ಎಂಸೀಲ್ ಅಂಟು ಮೆತ್ತಿದ್ದ, ಅದು ಬಿರುಕು ಬಿಟ್ಟು ಸುಮ್ನೆ ಗಾಳಿ ಎಳೆಯುತ್ತಿತ್ತು. ಪಟಪಟ, ರೇಸ್ ಎಲ್ಲಾ ಅದರದ್ದೇ. ಅವರು ಬೋಲ್ಟ್ ಕಿತ್ತು, ಆ ತೂತಿಗೆ ರಬ್ಬರ್ ಮುಚ್ಚಳ ಹಾಕಿ, ಪೈಪನ್ನು ಸೈಲೆನ್ಸರ್‌ನಿಂದ ದೂರಕ್ಕೆ ಕಟ್ಟಿ, 100 ರೂಪಾಯಿ ತಗೊಂಡರು. ಗೃಹಪ್ರವೇಶದ ಪೂಜೆ ಮುಗಿದಿತ್ತು, ಊಟ ಸಿಕ್ಕಿತು.

ವಾಪಸ್ ಬಂದು ನೇರ ಗ್ಯಾರೇಜಿಗೆ ಹೋದೆ. "ಇಷ್ಟ್ ಜನಕ್ಕೆ ಮಾಡಿದೀನಿ ಅಣ್ಣ, ನಿಮಗೊಬ್ರಿಗೇ ಪ್ರಾಬ್ಲಂ." ಡಬ್ಬಿ ವಾಪಸ್ ಕೊಡು ಅಂದೆ. "ಗುಜರಿಗೆ ಹೋಯ್ತು." ದುಡ್ಡು ಕೇಳಿದೆ. "ನೀವೇ ಹೇಳಿದ್ದಲ್ವಾ ಅಣ್ಣ ವಾಸ್ನೆ ಹೋಗ್ಬೇಕು ಅಂತ? ಹೋಯ್ತಲ್ಲ."

ಹೋಯ್ತಲ್ಲ ಅಂತೆ!

ಹೊಸ ಕ್ಯಾನಿಸ್ಟರ್ ಬರೋಕೆ 12 ದಿನ ಕಾದೆ. ಅದನ್ನು ಹಾಕಿದವರು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಟ್ಯಾಂಕ್ ಬಾಯಿತನಕ ತುಂಬಿಸ್ತೀರಾ?" ಹೌದು, ಯಾವಾಗಲೂ. ಹಾಗೆ ತುಂಬಿಸಿದರೆ ಪೆಟ್ರೋಲೇ ಪೈಪಿಗೆ ಇಳಿದು ಇದ್ದಿಲು ನೆನೆದುಹೋಗುತ್ತದಂತೆ. ಮೊದಲಿನ ವಾಸನೆ ನನ್ನದೇ ಕೆಲಸ.

ವಾಸನೆ ಬಂದರೆ ಮೊದಲು ಪೈಪ್ ಬಿರುಕು ಬಿಟ್ಟಿದೆಯಾ ನೋಡಿಸಿ, ಬಾಯಿತನಕ ತುಂಬಿಸಬೇಡಿ. ಕಿತ್ತ ಪಾರ್ಟ್ ಏನೇ ಇರಲಿ ಕೇಳಿ ಮನೆಗೆ ತನ್ನಿ. ಇನ್ನೊಂದು, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಕಾನೂನು ಒಪ್ಪದ ಬದಲಾವಣೆ ಮಾಡಿಸಿದರೆ ಒಂದೊಂದಕ್ಕೆ 5,000 ರೂಪಾಯಿ ದಂಡ ಗಾಡಿ ಮಾಲೀಕನಿಗೆ, ಜೈಲೂ ಇದೆ. ಸಿಕ್ಕಿಹಾಕಿಕೊಳ್ಳುವವರು ನಾವು, "ಕಿತ್ ಬಿಸಾಕೋಣ" ಅಂದವನಲ್ಲ.

ಆ ಬೋಲ್ಟ್ ಇನ್ನೂ ನನ್ನ ಹತ್ತಿರ ಇದೆ. ಫೋಟೋ ತೆಗೆದು ಅವನಿಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್ ಬಂತು. ಅಷ್ಟೇ.