ಸೂಚೌ ಜೇಡ್ ಪದಕ: ಓರೆ ಬೆಳಕಿನಲ್ಲಿ ನೋಡಿ ಖರೀದಿಸಿ

ಚೀನಾದ ಸೂಚೌ ನಗರದ ಅಂಗಡಿಗಳಲ್ಲಿ ಹೆಚ್ಚು ಕಾಣುವುದು 4×6 ಸೆಂ.ಮೀ. ಆಯತಾಕಾರದ ನೆಫ್ರೈಟ್ (ಜೇಡ್‌ನ ಒಂದು ಬಗೆ) ಪದಕ. ಒಂದು ಬದಿ ಚಿತ್ರ, ಇನ್ನೊಂದು ಬದಿ ಪದ್ಯ. ಮಿಂಗ್ ರಾಜವಂಶದ ಕಾಲದ ಜೇಡ್ ಕೆತ್ತನೆಗಾರ ಲು ಝಿಗಾಂಗ್ ಹೆಸರಿನಿಂದಲೇ ಈ ಮಾದರಿಗೆ ಖ್ಯಾತಿ. ಅವನ ಮುದ್ರೆಯಿದೆ ಎಂದು ಹೆಚ್ಚು ಬೆಲೆ ಕೇಳಿದರೆ ಮುಂದಿನ ಅಂಗಡಿಗೆ ನಡೆಯಿರಿ. ನಕಲು ಮುದ್ರೆ ಶತಮಾನಗಳಿಂದ ನಡೆದುಬಂದಿದೆ.

ನೆಫ್ರೈಟಿನ ಗಡಸುತನ ಮೋಸ್ ಮಾಪಕದಲ್ಲಿ (ವಜ್ರಕ್ಕೆ 10) 6–6.5. ನಾರುನಾರಾಗಿ ಹೆಣೆದ ರಚನೆ, ಉಳಿಗೆ ಬಗ್ಗದು. ವಜ್ರದ ಪುಡಿ ಹಚ್ಚಿದ ತಿರುಗುವ ಮೊನೆಗಳಿಂದ, ನೀರು ಬಿಡುತ್ತಾ ತೇಯಬೇಕು. ಕಷ್ಟವಿರುವುದು ಆಕೃತಿಯಲ್ಲಲ್ಲ, ಹಿನ್ನೆಲೆಯಲ್ಲಿ. ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಆಕೃತಿಯ ಸುತ್ತ ತಗ್ಗಿಸಿದ ನೆಲ ಸಮವಾಗಿದ್ದು, ಅಕ್ಷರಗಳ ಬುಡದ ಮೂಲೆಗೂ ಪಾಲಿಶ್ ತಲುಪಿದ್ದರೆ ಅದು ಒಳ್ಳೆಯ ಕೈ. ನೆಲ ಅಲೆಅಲೆಯಾಗಿದ್ದರೆ ಅವಸರದ ಕೆಲಸ. ಪಕ್ಕದ ಐದು ಪದಕಗಳಲ್ಲೂ ಗೆರೆ ತದ್ರೂಪವಾಗಿದ್ದರೆ ಕಂಪ್ಯೂಟರ್ ಯಂತ್ರದ್ದು. ಅದೇನೂ ಮೋಸವಲ್ಲ, ಆದರೆ ಕೈಕೆಲಸದ ಬೆಲೆ ಕೊಡಬೇಡಿ.

ಪ್ರಮಾಣಪತ್ರದಲ್ಲಿ ‘ಹೆತಿಯಾನ್ ಜೇಡ್’ ಎಂದಿದ್ದರೆ ಕಲ್ಲು ಹೆತಿಯಾನ್ ಇರುವ ಶಿಂಜಿಯಾಂಗ್ ಪ್ರದೇಶದ್ದೇ ಎಂದಲ್ಲ; ಚೀನಾದ ಮಾನದಂಡದಲ್ಲಿ ಚಿಂಗ್‌ಹೈ, ರಷ್ಯಾದ ನೆಫ್ರೈಟಿಗೂ ಅದೇ ಹೆಸರು. ಅನುಮಾನವಿದ್ದರೆ ದಾರ ಬಿಚ್ಚಿ ತೂಗಿ, ನೀರಿನಲ್ಲಿ ಮುಳುಗಿ ತೂಗಾಡುತ್ತಿರುವಾಗಲೇ ಮತ್ತೆ ತೂಗಿ. ಮೊದಲ ತೂಕವನ್ನು, ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಭಾಗಿಸಿದಾಗ 2.9–3.0 ಬಂದರೆ ನೆಫ್ರೈಟಿಗೆ ಹೊಂದುತ್ತದೆ; 2.6ರ ಆಸುಪಾಸಿಗೆ ಬಂದರೆ ಬಹುಶಃ ಸರ್ಪೆಂಟೈನಿನಂಥ ಬೇರೆ ಕಲ್ಲು.

ದಾರದ ತೂತಿನ ಸುತ್ತ ಕೂದಲೆಳೆ ಬಿರುಕಿದೆಯೇ ನೋಡಿ. ಇದ್ದರೆ ಕೆತ್ತನೆ ಎಷ್ಟೇ ಚೆನ್ನಾಗಿದ್ದರೂ ಬೇಡ, ಇಡೀ ಭಾರ ಬೀಳುವುದು ಅಲ್ಲಿಯೇ.