ಪೋಸ್ಟ್‌ಫಿಕ್ಸ್ ಜೊತೆ ನಾಲ್ಕು ವರ್ಷ: ಒಳಗೆ ಬರೋದು ಸಲೀಸು, ಹೊರಗೆ ಹೋಗೋದೇ ಕಷ್ಟ

ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ ನನ್ನದೇ ಮೇಲ್ ಸರ್ವರ್ ನಡೆಸಲು ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ ನಾಲ್ಕು ವರ್ಷ ಆಯಿತು. ಇಷ್ಟು ದಿನದಲ್ಲಿ ಅದು ತಾನಾಗಿ ಒಮ್ಮೆಯೂ ನಿಂತಿಲ್ಲ. ಬಂದ ಮೇಲ್ ಒಂದೂ ಕಳೆದಿಲ್ಲ. ಆದರೂ ಮೊದಲ ಆರು ತಿಂಗಳು ನನಗೆ ನಿದ್ದೆ ಕೆಡಿಸಿದ್ದು ಹೋಗುವ ಮೇಲ್.

ಮೊದಲು ಕಳಿಸಿದ್ದೆಲ್ಲವೂ ಟೈಮ್‌ಔಟ್, ಆಚೆಯಿಂದ ಉತ್ತರವೇ ಇಲ್ಲ. ತಪ್ಪು ನನ್ನದೇ ಅಂದುಕೊಂಡು ಒಂದು ವಾರ ಮೇನ್.ಸಿಎಫ್ ಎಂಬ ಸೆಟ್ಟಿಂಗ್ ಫೈಲನ್ನು ತಿದ್ದಿದ್ದೇ ತಿದ್ದಿದ್ದು. ನೋಡಿದರೆ ಇಂಟರ್ನೆಟ್ ಕೊಡುವವರು ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ 25ನೇ ಪೋರ್ಟನ್ನೇ ಮುಚ್ಚಿದ್ದರು! ಕಾಡಿ ಬೇಡಿ ತೆಗೆಸಿದೆ. ಬದಲಾಗದ ಐಪಿ ವಿಳಾಸವನ್ನೂ ಅದಕ್ಕೊಂದು ಪಿಟಿಆರ್ ದಾಖಲೆಯನ್ನೂ (ಐಪಿ ಯಾವ ಹೆಸರಿನದು ಎಂದು ತಿಳಿಸುವುದು) ಹಾಕಿಸಿಕೊಂಡೆ. ಆ ಹೆಸರು ಸರ್ವರ್ ಹೆಲೋ ಹೇಳುವ ಹೆಸರಿಗೆ ಹೊಂದಬೇಕು, ಆ ಹೆಸರನ್ನು ಹುಡುಕಿದರೆ ಅದೇ ಐಪಿ ಸಿಗಬೇಕು. ಎಸ್‌ಪಿಎಫ್ (ನನ್ನ ಡೊಮೇನ್ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೂಡ ಸೇರಿಸಿದೆ.

ಆಮೇಲೆ ವಿಚಿತ್ರ ಶುರುವಾಯಿತು. ಒಂದೇ ವಿಳಾಸಕ್ಕೆ ಬೆಳಿಗ್ಗೆ ಹೋದ ಮೇಲ್ ಸಂಜೆ 550 ಎಂಬ ತಿರಸ್ಕಾರದ ಕೋಡ್ ಹೊತ್ತುಕೊಂಡು ವಾಪಸ್. ಲಾಗ್‌ನಲ್ಲಿ ಸಾಲು ಸಾಲಾಗಿ ಹೋಲಿಸಿದಾಗ ಗೊತ್ತಾಯಿತು: ವಾಪಸ್ ಬಂದವೆಲ್ಲ ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6 ಮೂಲಕ ಹೋಗಿದ್ದವು. ಪಿಟಿಆರ್ ಹಾಕಿಸಿದ್ದು ಹಳೆ ಬಗೆಯ ಐಪಿವಿ4ಕ್ಕೆ ಮಾತ್ರ ಅಲ್ವಾ! ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬದಲಿಸಿ ಐಪಿವಿ4 ಮಾತ್ರ ಬಳಸು ಅಂದೆ. ಸುಮ್ನೆ ರೀಲೋಡ್ ಮಾಡಿದರೆ ಇದು ಹಿಡಿಯಲ್ಲ, ಪೋಸ್ಟ್‌ಫಿಕ್ಸ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅದು ತಿಳಿಯುವಷ್ಟರಲ್ಲಿ ಇನ್ನೊಂದು ಸಂಜೆ ಹೋಯಿತು.

ಅಷ್ಟಾದರೂ ಕೆಲವು ಕಡೆ 554 ಎಂಬ ಇನ್ನೊಂದು ತಿರಸ್ಕಾರ ನಿಲ್ಲಲಿಲ್ಲ. ಮನೆ ಕನೆಕ್ಷನ್‌ಗಳ ಐಪಿಗಳನ್ನು ಗುಂಪುಗುಂಪಾಗಿ ಸ್ಪ್ಯಾಮ್ ತಡೆಪಟ್ಟಿಗೆ ಸೇರಿಸಿರುತ್ತಾರೆ. ನನ್ನ ವಿಳಾಸವನ್ನು ಒಂದು ಪಟ್ಟಿಯಿಂದ ತೆಗೆಸಿದೆ, ಇನ್ನೊಂದರಲ್ಲಿ ಇತ್ತು. ಅಲ್ಲಿಗೆ ನನ್ನ ಹಟ ಮುಗಿಯಿತು.

ಈಗ ಬರುವ ಮೇಲ್ ನೇರವಾಗಿ ಮನೆಗೆ, ಹೋಗುವ ಮೇಲ್ ನನ್ನ ಪರವಾಗಿ ದಾಟಿಸುವ ರಿಲೇ ಸೇವೆಯೊಂದರ 587ನೇ ಪೋರ್ಟ್ ಮೂಲಕ. ರಿಲೇಹೋಸ್ಟ್ ಸಾಲಿನಲ್ಲಿ ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಬರೆಯಿರಿ, ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ದಾಖಲೆ (ಆ ಹೆಸರಿಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವುದು) ಹುಡುಕಲು ಹೋಗುತ್ತದೆ. ರಿಲೇಯ ಪಾಸ್‌ವರ್ಡ್ ಫೈಲ್ ತಿದ್ದಿದ ಮೇಲೆ, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸಲು ಮರೆಯಬೇಡಿ. ಎಸ್‌ಪಿಎಫ್‌ನಲ್ಲಿ ರಿಲೇಯವರ ಹೆಸರನ್ನೂ ಸೇರಿಸಿ. ನಾನು ಮೊದಲು ಸೇರಿಸಿರಲಿಲ್ಲ. ಆದರೂ ಡಿಮಾರ್ಕ್ (ಎಸ್‌ಪಿಎಫ್ ಅಥವಾ ಡಿಕಿಮ್ ಕಳಿಸಿದವರ ಡೊಮೇನ್‌ಗೆ ಹೊಂದುತ್ತದೆಯೇ ಅನ್ನುವ ಪರೀಕ್ಷೆ) ಪಾಸ್ ಆಗುತ್ತಿತ್ತು, ಏಕೆಂದರೆ ಡಿಕಿಮ್ ಸಹಿ ಮನೆಯಲ್ಲೇ ನನ್ನ ಡೊಮೇನ್ ಹೆಸರಿನಲ್ಲಿ ಬೀಳುತ್ತದೆ, ರಿಲೇ ದಾಟಿದರೂ ಉಳಿಯುತ್ತದೆ.

ಒಂದು ಕಿರಿಕಿರಿ ಇನ್ನೂ ಇದೆ. ಸಹಿ ಹಾಕುವುದು ಬೇರೆ ಪ್ರೋಗ್ರಾಂ. ಅಪ್‌ಡೇಟ್ ಆದಾಗ ಕೆಲವೊಮ್ಮೆ ಅದು ಏಳುವುದಿಲ್ಲ. ಆಗ ಪೋಸ್ಟ್‌ಫಿಕ್ಸ್ 451, ಅಂದರೆ ಆಮೇಲೆ ಮತ್ತೆ ಪ್ರಯತ್ನಿಸಿ, ಅಂತ ಹೇಳಿ ಹೊಸ ಮೇಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಅಪ್‌ಡೇಟ್ ಮಾಡಿದ ದಿನ ನನಗೇ ನಾನೊಂದು ಮೇಲ್ ಕಳಿಸಿಕೊಂಡು ಮಲಗುತ್ತೇನೆ.